ಕಾಲೇಜ್ ರೋಡಿನಿಂದ ಕಮಿಲ್ಲಾಗೆ

ಅಕ್ಟೋಬರ್ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಹೆಸರುಗಳು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತವೆ: ನುಂಗಂಬಾಕ್ಕಂ ಮತ್ತು ಮೀನಂಬಾಕ್ಕಂ. ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್ ಮಳೆ, ಮೀನಂಬಾಕ್ಕಂನಲ್ಲಿ ಇಷ್ಟು. ಟಿವಿಯಲ್ಲಿ ಈ ಲೆಕ್ಕ ಬರುವಾಗ ಮಗ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ನಾಳೆ ಸ್ಕೂಲಿಗೆ ರಜೆ ಸಿಗುತ್ತದೋ ಇಲ್ಲವೋ ಎನ್ನುವುದು ಅವನಿಗೆ ಮುಖ್ಯ. ಚೆನ್ನೈಯಲ್ಲಿ ಇರುವ ನಮ್ಮವರಿಗೆ ಇದೇನು ಹೊಸದಲ್ಲ. ಆದರೆ ಆ ನುಂಗಂಬಾಕ್ಕಂ ಲೆಕ್ಕ ಹೊರಡುವ ಜಾಗಕ್ಕೆ, ಎಂದರೆ ಕಾಲೇಜ್ ರೋಡಿನ ಹವಾಮಾನ ಕಚೇರಿಯ ಆವರಣಕ್ಕೆ, ಇನ್ನೊಂದು ಚರಿತ್ರೆ ಇದೆ. ಹದಿನೇಳು ವರ್ಷ ಈ ಊರಲ್ಲಿದ್ದೂ ನನಗದು ಗೊತ್ತಿರಲಿಲ್ಲ.

1868ರ ನವೆಂಬರ್ 17ರಂದು ಆ ಆವರಣದಲ್ಲಿದ್ದ ಮದ್ರಾಸ್ ವೀಕ್ಷಣಾಲಯದ ದೂರದರ್ಶಕಕ್ಕೆ ಒಂದು ಮಸುಕು ಚುಕ್ಕಿ ಸಿಕ್ಕಿತು. ಅದು ನಕ್ಷತ್ರವಲ್ಲ, ಮಂಗಳಕ್ಕೂ ಗುರುವಿಗೂ ನಡುವಿನ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿ ಸುತ್ತುವ ಒಂದು ಕಪ್ಪು ಗುಂಡು. ಅಲ್ಲಿಯವರೆಗೆ ಸಿಕ್ಕ ಕ್ಷುದ್ರಗ್ರಹಗಳ ಪೈಕಿ ನೂರ ಏಳನೆಯದು. ಅದಕ್ಕೆ ಕಮಿಲ್ಲಾ ಎಂದು ಹೆಸರಿಟ್ಟರು.

ಈ ಪ್ರವಾಸ ಕಥನ ಆ ಕಮಿಲ್ಲಾದ್ದು. ಅಲ್ಲಿಗೆ ಇದುವರೆಗೆ ಯಾವ ನೌಕೆಯೂ ಹೋಗಿಲ್ಲ. ನಾನು ಮತ್ತು ನಮ್ಮಪ್ಪ ಹೋಗಿ ಬಂದದ್ದು ಕಾಲೇಜ್ ರೋಡಿನವರೆಗೆ ಮಾತ್ರ. ಅದೂ ಕಣ್ಣಾಸ್ಪತ್ರೆಯ ಎರಡು ಸರದಿಗಳ ನಡುವೆ ಸಿಕ್ಕ ನಾಲ್ಕು ಗಂಟೆಯಲ್ಲಿ.

ಅಪ್ಪನಿಗೆ ಎಪ್ಪತ್ತನಾಲ್ಕು. ಅರಸೀಕೆರೆ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವರು. ಹೋದ ವರ್ಷ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುವುದು ಜಾಸ್ತಿಯಾಯಿತು. ಅಮ್ಮ ಬೈದಳು. ಬೀದಿಯಲ್ಲಿ ಎಡಗಡೆಯಿಂದ ಬಂದ ಟಿವಿಎಸ್ ಕಾಣದೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಊರಿನ ಕಡೆ ಪರೀಕ್ಷೆ ಮಾಡಿಸಿದಾಗ ಗ್ಲಾಕೋಮಾ ಎಂದರು. ‘ಚೆನ್ನೈಯಲ್ಲೇ ಮಗಳಿದ್ದಾಳಲ್ಲ, ಅಲ್ಲೇ ತೋರಿಸಿ’ ಎಂದು ಎಲ್ಲರೂ ಹೇಳಿದರು. ಕಣ್ಣು ಅಂದರೆ ಚೆನ್ನೈ ಎನ್ನುವುದು ನಮ್ಮ ಕಡೆ ಇವತ್ತಿಗೂ ಇರುವ ನಂಬಿಕೆ. ಅಪ್ಪ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಬಂದರು.

ಬೆಳಿಗ್ಗೆ ಒಂಬತ್ತಕ್ಕೆ ದೃಷ್ಟಿ ವಿಸ್ತಾರದ ಪರೀಕ್ಷೆ. ಮನೆಯಲ್ಲಿ ಹಿರಿಯರಿರುವವರು ಇದನ್ನು ಕಂಡಿರುತ್ತೀರಿ. ಬಿಳಿ ಬೋಗುಣಿಯಂಥ ಒಂದು ಯಂತ್ರ. ಅದಕ್ಕೆ ಗದ್ದ ಊರಿ ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣು ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೆಲ್ಲೋ ಸಣ್ಣ ಬೆಳಕಿನ ಚುಕ್ಕಿಗಳು ಮಿಂಚಿ ಮಾಯವಾಗುತ್ತವೆ. ಕೆಲವು ಜೋರು, ಕೆಲವು ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ಕಂಡ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ‘ನೇರಾ ಪಾರುಂಗ ಅಯ್ಯಾ’ ಎನ್ನುತ್ತಿದ್ದಳು. ಅಪ್ಪ ನನ್ನ ಕಡೆ ತಿರುಗಿ ‘ಏನಂತೆ?’ ಎಂದು ಕೇಳಿ, ಮತ್ತೆ ಬೈಸಿಕೊಳ್ಳುತ್ತಿದ್ದರು. ಆಮೇಲೆ ನಾನೇ ಪಕ್ಕದಲ್ಲಿ ನಿಂತು ‘ನೇರ ನೋಡಿ ಅಪ್ಪ, ನೇರ’ ಎಂದು ಹೇಳುತ್ತಾ ಹೋದೆ.

ಬಲಗಣ್ಣಿನ ಸರದಿಯಲ್ಲಿ ಗುಂಡಿಯ ಸದ್ದು ಟಿಕ್ ಟಿಕ್ ಎಂದು ಬರುತ್ತಿತ್ತು. ಎಡಗಣ್ಣಿನ ಸರದಿ ಬಂದಾಗ ನಡುನಡುವೆ ತುಂಬ ಹೊತ್ತು ಸದ್ದೇ ಇಲ್ಲ. ಆ ಮೌನದಲ್ಲಿ ಎಷ್ಟು ಚುಕ್ಕಿ ಬಂದು ಹೋದವೋ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಕೊನೆಗೆ ಕೈಗೆ ಬಂದ ಕಾಗದದಲ್ಲಿ ಒಂದು ಚಿತ್ರ, ಅದರಲ್ಲಿ ಮೂಲೆಯಿಂದ ನಡುವಿಗೆ ಕೈಚಾಚಿದ ಕಪ್ಪು ಮಚ್ಚೆ. ಪಕ್ಕದಲ್ಲಿ ಅಂಕಿಗಳು: 29, 27, 30, ಆಮೇಲೆ 8, 3, 0. ಡಾಕ್ಟರನ್ನು ಕಾಣುವುದು ಮಧ್ಯಾಹ್ನ ಮೂರಕ್ಕೆ. ಅಪ್ಪ ಅಂಕಿಗಳ ಮೇಲೆ ಬೆರಳಿಟ್ಟು ಆ ಹುಡುಗಿಯನ್ನೇ ಕೇಳಿದರು, ನನ್ನ ಮೂಲಕ. ಅವಳು ವಿವರಿಸಿದಳು: ಇವು ಡೆಸಿಬೆಲ್‌ಗಳು. ಅಂಕಿ ದೊಡ್ಡದಾದಷ್ಟೂ ಹೆಚ್ಚು ಮಂಕಾದ ಬೆಳಕನ್ನು ಕಣ್ಣು ಹಿಡಿದಿದೆ ಎಂದರ್ಥ. ಹತ್ತು ಡೆಸಿಬೆಲ್ ವ್ಯತ್ಯಾಸವೆಂದರೆ ಹತ್ತು ಪಟ್ಟು ಮಂಕು. ಸೊನ್ನೆ ಎಂದರೆ ಯಂತ್ರದ ಅತಿ ಜೋರಾದ ಬೆಳಕೂ ಹೆಚ್ಚುಕಡಿಮೆ ಕಾಣಿಸಿಲ್ಲ ಎಂದು.

ಅಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ‘ನಕ್ಷತ್ರದ ಲೆಕ್ಕದ ಥರಾನೇ ಇದೆ’ ಎಂದರು. ಅದಾದ ಮೇಲೆ ಮಾತಿಲ್ಲ.

ಮೂರು ಗಂಟೆಯವರೆಗೆ ಆ ಕಾಗದ ಇಟ್ಟುಕೊಂಡು ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸುವುದು ನನಗೆ ಬೇಡವಿತ್ತು. ಹೇಗೂ ಕಾಯಬೇಕಾಗುತ್ತದೆಂದು ಮೊದಲೇ ಗೊತ್ತಿದ್ದರಿಂದ ಹವಾಮಾನ ಕಚೇರಿಗೆ ಪತ್ರ ಬರೆದು, ವೀಕ್ಷಣಾಲಯದ ಕಲ್ಲಿನ ಕಂಬ ನೋಡಲು ಅನುಮತಿ ಕೇಳಿದ್ದೆ. ಆಸ್ಪತ್ರೆಯೂ ಕಾಲೇಜ್ ರೋಡಿನಲ್ಲೇ, ಕಚೇರಿಯೂ ಕಾಲೇಜ್ ರೋಡಿನಲ್ಲೇ. ಬಿಸಿಲಿಗೆ ಕೊಡೆ ಹಿಡಿದು, ಅಪ್ಪನನ್ನು ಬಲಗಡೆಗೆ ಹಾಕಿಕೊಂಡು, ಎಡಗಡೆ ನಾನು ನಡೆದೆ.

ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಬ್ಬ ಸಿಬ್ಬಂದಿಯವರು ಒಳಗೆ ಕರೆದುಕೊಂಡು ಹೋದರು. ಹೊಸ ಕಟ್ಟಡಗಳ ನಡುವೆ ಮೇಲಕ್ಕೆ ಹೋದಂತೆ ಸಣ್ಣಗಾಗುವ ಗ್ರಾನೈಟ್ ಕಂಬ. ಹದಿನೈದು ಅಡಿಗೂ ಎತ್ತರ. ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಇಲ್ಲಿ ವೀಕ್ಷಣಾಲಯ ಕಟ್ಟಿದಾಗ ನಿಲ್ಲಿಸಿದ್ದು. ಕಟ್ಟಿಸಿದವರು ಮೈಕೇಲ್ ಟಾಪಿಂಗ್. ನಕ್ಷತ್ರಗಳು ನೆತ್ತಿಯ ರೇಖೆ ದಾಟುವ ಗಳಿಗೆಯನ್ನು ಅಳೆಯುವ ಉಪಕರಣ ಈ ಕಂಬದ ಮೇಲಿತ್ತು. ಉಪಕರಣ ಅಲುಗಾಡಬಾರದೆಂದು ಇಷ್ಟು ಭಾರದ ಕಲ್ಲು. ಹಳೆಯ ಕಟ್ಟಡ ಈಗಿಲ್ಲ, ಕಂಬ ಮಾತ್ರ ಉಳಿದಿದೆ.

ಅದರ ಮೈಮೇಲೆ ಲ್ಯಾಟಿನ್, ತಮಿಳು, ತೆಲುಗು ಮತ್ತು ಹಿಂದೂಸ್ತಾನಿಯಲ್ಲಿ ಬರಹ ಕೆತ್ತಿದ್ದಾರೆ. ಸಾವಿರ ವರ್ಷ ಕಳೆದ ಮೇಲಿನ ಜನರಿಗೂ ತಿಳಿಯಲಿ ಎಂಬುದು ಅವರ ಉದ್ದೇಶವಂತೆ. ಅಪ್ಪ ಹತ್ತಿರ ಹೋಗಿ ಕಲ್ಲಿನ ಮೇಲೆ ಬೆರಳಾಡಿಸಿದರು. ಸಿಬ್ಬಂದಿಯವರು ಏನೂ ಅನ್ನಲಿಲ್ಲ.

‘ಕನ್ನಡ ಇಲ್ವಲ್ಲೋ ಪುಟ್ಟಿ.’

‘ಇಲ್ಲ ಅಪ್ಪ.’

‘ತೆಲುಗು ಇದೆ. ತಡವಿಕೊಂಡು ಓದಬಹುದು.’ ಒಂದೊಂದೇ ಅಕ್ಷರ ಬೆರಳಿನಲ್ಲಿ ಹಿಡಿದು ಮೂರು ನಾಲ್ಕು ಪದ ಓದಿಯೂಬಿಟ್ಟರು. ನಮ್ಮ ಲಿಪಿಗೂ ಅದಕ್ಕೂ ಇರುವ ನೆಂಟಸ್ತಿಕೆ ಅವತ್ತು ಉಪಯೋಗಕ್ಕೆ ಬಂತು.

ಪಕ್ಕದ ಇನ್ನೊಂದು ಫಲಕದಲ್ಲಿ ಕರ್ನಲ್ ಲ್ಯಾಂಬ್ಟನ್ ಹೆಸರಿದೆ. 1802ರಲ್ಲಿ ಭಾರತವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟ ಸರ್ವೆಗೆ ಈ ಕಂಬದ ಪಕ್ಕದ ಬಿಂದುವೇ ಆಧಾರ. ಆ ತ್ರಿಕೋನಗಳ ಸರಣಿ ಪಶ್ಚಿಮಕ್ಕೆ ಸಾಗಿ, 1804ರಲ್ಲಿ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಲೆಕ್ಕ ಸರಿನೋಡಿದರು. ಅಂದರೆ ನಮ್ಮ ಊರುಗಳ ನಕ್ಷೆಯ ಬುಡವೂ ಇಲ್ಲೇ ಇದೆ.

ಕಮಿಲ್ಲಾವನ್ನು ಕಂಡವರು ನಾರ್ಮನ್ ರಾಬರ್ಟ್ ಪಾಗ್ಸನ್. ಇಂಗ್ಲೆಂಡಿನ ನಾಟಿಂಗ್ಹ್ಯಾಮಿನವರು. 1861ರಲ್ಲಿ ಮದ್ರಾಸಿಗೆ ಸರ್ಕಾರಿ ಖಗೋಳಶಾಸ್ತ್ರಜ್ಞರಾಗಿ ಬಂದು, 1891ರಲ್ಲಿ ಇಲ್ಲೇ ತೀರಿಕೊಂಡರು. ಬಂದ ಎರಡೇ ತಿಂಗಳಲ್ಲಿ ಅವರು ಕಂಡ ಕ್ಷುದ್ರಗ್ರಹಕ್ಕೆ ಏಷ್ಯಾ ಎಂದು ಹೆಸರಾಯಿತು. ಈ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಆಮೇಲೆ 1864ರಲ್ಲಿ ಸ್ಯಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕಮಿಲ್ಲಾ, 1885ರಲ್ಲಿ ವೆರಾ. ಒಟ್ಟು ಐದು, ಎಲ್ಲವೂ ನುಂಗಂಬಾಕ್ಕಂನ ಆಕಾಶದಲ್ಲಿ.

ಆ ಕಾಲದಲ್ಲಿ ಕ್ಷುದ್ರಗ್ರಹ ಹುಡುಕುವುದು ಎಂದರೆ ಪೂರ್ತಿ ಕಣ್ಣಿನ ಕೆಲಸ. ಆಕಾಶದ ಒಂದು ತುಂಡಿನ ನಕ್ಷತ್ರಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಮತ್ತೊಂದು ರಾತ್ರಿ ಅದೇ ತುಂಡನ್ನು ದೂರದರ್ಶಕದಲ್ಲಿ ನೋಡಿ ನಕ್ಷೆಯ ಜೊತೆ ಒಂದೊಂದೇ ಚುಕ್ಕಿ ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ್ದೊಂದು ಚುಕ್ಕಿ ಕಂಡರೆ, ಅಥವಾ ನಿನ್ನೆ ಇದ್ದ ಜಾಗದಿಂದ ಒಂದು ಚುಕ್ಕಿ ಕದಲಿದ್ದರೆ, ಅದು ನಕ್ಷತ್ರವಲ್ಲ. ಫೋಟೋ ತೆಗೆದು ಕ್ಷುದ್ರಗ್ರಹ ಹಿಡಿಯುವ ಉಪಾಯ ಜರ್ಮನಿಯ ಮ್ಯಾಕ್ಸ್ ವೋಲ್ಫ್ ಕೈಗೆ ಬಂದದ್ದು 1891ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಪಾಗ್ಸನ್ ಹೋಗಿ ಆರು ತಿಂಗಳಾಗಿತ್ತು.

ಮದ್ರಾಸಿಗೆ ಬರುವ ಮೊದಲೇ, 1856ರಲ್ಲಿ, ಅವರು ಮಾಡಿದ್ದ ಇನ್ನೊಂದು ಕೆಲಸ ಖಗೋಳ ಓದುವವರಿಗೆಲ್ಲ ಗೊತ್ತು. ನಕ್ಷತ್ರಗಳನ್ನು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ಹಿಂದಿನಿಂದಲೂ ವಿಂಗಡಿಸುತ್ತಿದ್ದರು. ಬರೀ ಅಂದಾಜು. ಪಾಗ್ಸನ್ ಅದಕ್ಕೆ ಲೆಕ್ಕ ಕೊಟ್ಟರು: ಐದು ದರ್ಜೆಯ ವ್ಯತ್ಯಾಸವೆಂದರೆ ಸರಿಯಾಗಿ ನೂರು ಪಟ್ಟು. ಒಂದು ದರ್ಜೆಗೆ 2.512 ಪಟ್ಟು. ಇವತ್ತಿಗೂ ಜಗತ್ತಿನ ಎಲ್ಲ ವೀಕ್ಷಣಾಲಯಗಳು ಬಳಸುವುದು ಈ ಕಾಂತಿಮಾನದ ಅಳತೆಯನ್ನೇ. ಇಲ್ಲೂ ಅಂಕಿ ದೊಡ್ಡದಾದಷ್ಟೂ ಬೆಳಕು ಮಂಕು. ಕತ್ತಲ ಊರಿನಲ್ಲಿ ಒಳ್ಳೆಯ ಕಣ್ಣಿಗೆ ಕಾಣುವುದು ಸುಮಾರು 6ರವರೆಗೆ. ಕಮಿಲ್ಲಾ ನಮಗೆ ಹತ್ತಿರ ಬಂದಾಗಲೂ ಸುಮಾರು 12. ಅಂದರೆ ನಮ್ಮ ಕಣ್ಣಿಗೆ ನಿಲುಕುವ ಅತಿ ಮಂಕು ನಕ್ಷತ್ರಕ್ಕಿಂತಲೂ 250 ಪಟ್ಟು ಮಂಕು.

ನಾನು ಇದನ್ನು ಹೇಳಿದಾಗ ಅಪ್ಪ ಜೇಬಿನಿಂದ ಆ ಕಾಗದ ತೆಗೆದರು. ‘ನಾನು ಹೇಳಲಿಲ್ವಾ? ಐದಕ್ಕೆ ನೂರು ಪಟ್ಟು ಅಂದ್ರೆ ಎರಡೂವರೆಗೆ ಹತ್ತು ಪಟ್ಟು. ಹತ್ತು ಡೆಸಿಬೆಲ್ಲಿಗೂ ಹತ್ತು ಪಟ್ಟು. ಹಾಗಾದ್ರೆ ಪಾಗ್ಸನ್ನಿನ ಒಂದು ದರ್ಜೆ ಅಂದ್ರೆ ಈ ಯಂತ್ರದ ನಾಲ್ಕು ಡೆಸಿಬೆಲ್.’ ಬೆಳಿಗ್ಗೆಯಿಂದ ಮೊದಲ ಸಲ ಅವರ ಮುಖದಲ್ಲಿ ಮೇಷ್ಟ್ರು ಕಾಣಿಸಿದರು. ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ಲೆಕ್ಕ ಹಾಕಿದರು. ‘ಬಲಗಣ್ಣಿಗೆ 30, ಎಡಗಣ್ಣಿನ ಮೂಲೆಗೆ 3. ಆರು ಮುಕ್ಕಾಲು ದರ್ಜೆ ಹೋಗಿದೆ.’ ಸ್ವಲ್ಪ ತಡೆದು, ‘ಐನೂರು ಪಟ್ಟು’ ಎಂದರು.

ನಾನೇನೂ ಹೇಳಲಿಲ್ಲ. ಅವರೇ ‘ನಡಿ, ನೆರಳಿಗೆ ಕೂರೋಣ. ನಿನ್ನ ಕಮಿಲ್ಲಾ ಹೇಗಿದೆ ಹೇಳು’ ಎಂದರು.

ಮರದ ಕೆಳಗೆ ಕೂತು ಮೂಸಂಬಿ ಸುಲಿಯುತ್ತಾ ನಾವು ಕಮಿಲ್ಲಾಗೆ ಹೋದದ್ದು ಹೀಗೆ.

ಮೊದಲು ದಾರಿ. ಸೂರ್ಯನಿಂದ ಭೂಮಿಗೆ ಹದಿನೈದು ಕೋಟಿ ಕಿಲೋಮೀಟರ್. ಅಲ್ಲಿಂದ ಮಂಗಳ ದಾಟಿ, ಕ್ಷುದ್ರಗ್ರಹ ಪಟ್ಟಿಯ ದಟ್ಟ ಭಾಗವನ್ನೂ ದಾಟಿ ಹೋಗಬೇಕು. ದಟ್ಟ ಎಂದರೂ ಅಪ್ಪ ಪಾಠ ಮಾಡುತ್ತಿದ್ದ ಹಾಗಲ್ಲ. ಅವರು ಮೇಜಿನ ಮೇಲೆ ಮಂಗಳಕ್ಕೂ ಗುರುವಿಗೂ ನಡುವೆ ಒಂದು ಹಿಡಿ ರಾಗಿ ಚೆಲ್ಲಿ ‘ಇವೇ ಕ್ಷುದ್ರಗ್ರಹಗಳು’ ಎನ್ನುತ್ತಿದ್ದರು. ನಾನೂ ಆ ಕ್ಲಾಸಿನಲ್ಲಿ ಕೂತಿದ್ದವಳೇ. ನಿಜದಲ್ಲಿ ಒಂದು ದೊಡ್ಡ ಕಲ್ಲಿಗೂ ಇನ್ನೊಂದಕ್ಕೂ ನಡುವೆ ಲಕ್ಷಗಟ್ಟಲೆ ಕಿಲೋಮೀಟರ್ ಖಾಲಿ. ಇಡೀ ಪಟ್ಟಿಯನ್ನು ಗುಡಿಸಿ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ ಶೇಕಡಾ 3ರ ಆಸುಪಾಸು. ‘ಹಾಗಾದ್ರೆ ಮೂವತ್ತು ವರ್ಷ ರಾಗಿ ದಂಡ ಮಾಡಿದೆ’ ಎಂದರು ಅಪ್ಪ.

ಸೂರ್ಯನಿಂದ ಸುಮಾರು 52 ಕೋಟಿ ಕಿಲೋಮೀಟರ್ ದೂರದಲ್ಲಿ, ಪಟ್ಟಿಯ ಅಂಚಿನ ಆಚೆ, ಊರ ಹೊರಗಿನ ಒಂಟಿ ಮನೆಯ ಹಾಗೆ ಕಮಿಲ್ಲಾ ಇದೆ. ಸರಾಸರಿ ಅಗಲ ಸುಮಾರು 250 ಕಿಲೋಮೀಟರ್. ಗುಂಡಗಿಲ್ಲ, ಆಲೂಗಡ್ಡೆಯ ಹಾಗೆ ಉದ್ದುದ್ದ. ಉದ್ದದ ಅಳತೆ 340 ಕಿಲೋಮೀಟರಿನಷ್ಟು, ಅಪ್ಪ ಬಂದ ಬೃಂದಾವನದ ಹಾದಿಗಿಂತ ತುಸು ಕಡಿಮೆ. ಅಡ್ಡಕ್ಕೆ 200ರ ಆಸುಪಾಸು.

ಅಲ್ಲಿ ಇಳಿದರೆ ಮೊದಲು ತಿಳಿಯುವುದು ನಮ್ಮ ತೂಕ. ನೆಲದ ಸೆಳೆತ ಭೂಮಿಯ ಇನ್ನೂರರಲ್ಲಿ ಒಂದು ಪಾಲು. ಇಲ್ಲಿ ಅರವತ್ತು ಕಿಲೋ ತೂಗುವವರು ಅಲ್ಲಿ ಮುನ್ನೂರು ಗ್ರಾಂ. ಮಂಡಿ ನೋವಿನ ಅಮ್ಮನನ್ನು ಕರೆದುಕೊಂಡು ಹೋಗಬೇಕಾದ ಜಾಗ ಎಂದರು ಅಪ್ಪ. ಆಮೇಲೆ ಬೆಳಕು. ಸೂರ್ಯ ಇಲ್ಲಿ ಕಾಣುವುದರ ಮೂರನೇ ಒಂದು ಪಾಲಿಗಿಂತಲೂ ಚಿಕ್ಕದು. ಬಿಸಿಲು ಹನ್ನೆರಡರಲ್ಲಿ ಒಂದು ಪಾಲು. ಗಾಳಿ ಇಲ್ಲದ್ದರಿಂದ ಹಗಲಲ್ಲೂ ಆಕಾಶ ಕಪ್ಪೇ. ಹಗಲು ಎಷ್ಟು ಹೊತ್ತು? ಕಮಿಲ್ಲಾ ತನ್ನ ಸುತ್ತ ಒಂದು ಸುತ್ತು ಬರುವುದು 4 ಗಂಟೆ 50 ನಿಮಿಷಕ್ಕೆ. ಸೂರ್ಯ ಹುಟ್ಟಿ ಮುಳುಗುವಷ್ಟರಲ್ಲಿ ಇಲ್ಲಿ ಒಂದು ಸಿನಿಮಾ ಮುಗಿದಿರುತ್ತದೆ.

ಅಲ್ಲಿ ಎರಡು ಚಂದ್ರರಿದ್ದಾರೆ. ದೊಡ್ಡದು ಸುಮಾರು 12 ಕಿಲೋಮೀಟರ್ ಅಗಲ. ಹಬಲ್ ದೂರದರ್ಶಕ 2001ರಲ್ಲಿ ಅದನ್ನು ಕಂಡಿತು. 1,250 ಕಿಲೋಮೀಟರ್ ದೂರದಲ್ಲಿ ಮೂರು ಮುಕ್ಕಾಲು ದಿನಕ್ಕೊಮ್ಮೆ ಸುತ್ತುತ್ತದೆ. ಎರಡನೆಯದು ನಾಲ್ಕು ಕಿಲೋಮೀಟರಿನ ಒಂದು ಗುಡ್ಡ ಅಷ್ಟೇ, ಇನ್ನೂ ಹತ್ತಿರದಲ್ಲಿ ಸುತ್ತುವುದು. ಅದು ಇದೆಯೆಂದು 2016ರಲ್ಲಿ ಪ್ರಕಟವಾಯಿತು. ಪಾಗ್ಸನ್‌ಗೆ ಒಂದು ಚುಕ್ಕಿಯಾಗಿ ಕಂಡದ್ದು ಒಂದು ಸಂಸಾರವೆಂದು ಗೊತ್ತಾಗಲು ಸುಮಾರು 150 ವರ್ಷ ಹಿಡಿಯಿತು.

ಈ ಚಂದ್ರರಿಂದ ಒಂದು ಉಪಕಾರವಾಯಿತು. ಅವು ಎಷ್ಟು ದೂರದಲ್ಲಿ ಎಷ್ಟು ಬೇಗ ಸುತ್ತುತ್ತವೆ ಎಂದು ನೋಡಿ ಕಮಿಲ್ಲಾದ ತೂಕ ಕಟ್ಟಬಹುದು. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಬಂದ ಉತ್ತರ ನೀರಿನ ಒಂದೂಕಾಲು ಪಟ್ಟು ಮಾತ್ರ. ಕಲ್ಲಾದರೆ ಎರಡೂವರೆ ಪಟ್ಟೋ ಮೂರು ಪಟ್ಟೋ ಇರಬೇಕಿತ್ತು. ಹಾಗಾಗಿ ಒಳಗೆ ಪೊಳ್ಳು ಜಾಗವೂ ಮಂಜುಗಡ್ಡೆಯೂ ಸಾಕಷ್ಟು ಇರಬೇಕೆಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ.

ಮೇಲಿನ ಬಣ್ಣ ಮಾತ್ರ ಇದ್ದಿಲಿನದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದಾರು ಪಾಲು ಮಾತ್ರ ಹಿಂದಕ್ಕೆ ಬರುತ್ತದೆ. ಒಲೆಯ ಮೇಲಿನ ಹೆಂಚಿನಷ್ಟು ಕಪ್ಪು. ಇಂಗಾಲ ಹೆಚ್ಚಿರುವ ಕ್ಷುದ್ರಗ್ರಹಗಳ ಸ್ವಭಾವವೇ ಅದು, ಪಟ್ಟಿಯ ಹೊರಭಾಗದಲ್ಲಿ ಇಂಥವೇ ಜಾಸ್ತಿ. ಸೂರ್ಯ ಹುಟ್ಟಿದ ಕಾಲದಲ್ಲಿ, ಎಂದರೆ ಸುಮಾರು 456 ಕೋಟಿ ವರ್ಷಗಳ ಹಿಂದೆ, ಗ್ರಹಗಳಿಗೆಂದು ಕಲಸಿದ ಹಿಟ್ಟಿನಲ್ಲಿ ಬಳಸದೆ ಉಳಿದದ್ದು. ಭೂಮಿಯ ಪಾಲಿನ ಹಿಟ್ಟು ಬೆಂದು, ಕರಗಿ, ಬೇರೆಯೇ ಆಗಿಹೋಯಿತು. ದೂರದ ತಂಪಿನಲ್ಲಿದ್ದದ್ದು ಹೆಚ್ಚು ಬೇಯದೆ ಉಳಿಯಿತು.

ಕಮಿಲ್ಲಾದ ಮಣ್ಣನ್ನು ಯಾರೂ ಮುಟ್ಟಿಲ್ಲ. ಆದರೆ ಅದೇ ಇಂಗಾಲದ ಬಳಗದ, ನಮಗೆ ಹತ್ತಿರ ಸುಳಿಯುವ ಎರಡು ಪುಟ್ಟ ಕ್ಷುದ್ರಗ್ರಹಗಳ ಮಣ್ಣು ಭೂಮಿಗೆ ಬಂದಿದೆ. ಜಪಾನಿನವರು ರ್‍ಯುಗುವಿನಿಂದ 2020ರಲ್ಲಿ 5.4 ಗ್ರಾಂ ತಂದರು. ಅಮೆರಿಕದವರು ಬೆನ್ನುವಿನಿಂದ 2023ರಲ್ಲಿ 121.6 ಗ್ರಾಂ ತಂದರು. ಬೆನ್ನುವಿನ ಕಪ್ಪು ಪುಡಿಯಲ್ಲಿ, ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕವು ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಇಂಥ ಕಲ್ಲು ತಾನಾಗಿಯೇ ನಮ್ಮ ದೇಶಕ್ಕೂ ಬಂದು ಬಿದ್ದದ್ದುಂಟು: 2017ರ ಜೂನ್ 6ರಂದು ಜೈಪುರದ ಹತ್ತಿರದ ಮುಕುಂದಪುರದಲ್ಲಿ. ಅಲ್ಲಿ ಬದುಕಿತ್ತು ಎಂದಲ್ಲ. ಬದುಕಿಗೆ ಬೇಕಾದ ಸಾಮಾನು ಆ ಕತ್ತಲಲ್ಲೂ ತಯಾರಾಗುತ್ತಿತ್ತು ಎಂದಷ್ಟೇ.

ಅಲ್ಲಿನ ವರ್ಷ ದೊಡ್ಡದು. ಸೆಕೆಂಡಿಗೆ 16 ಕಿಲೋಮೀಟರ್ ಓಡಿದರೂ ಸೂರ್ಯನನ್ನು ಸುತ್ತಿ ಬರಲು ನಮ್ಮ ಆರೂವರೆ ವರ್ಷ ಬೇಕು. ಕಮಿಲ್ಲಾ ಎನ್ನುವುದು ರೋಮನ್ ಪುರಾಣದ ಓಟಗಾತಿಯ ಹೆಸರು. ವರ್ಜಿಲನ ಕಾವ್ಯದಲ್ಲಿ ಅವಳು ತೆನೆ ಬಾಗದಂತೆ ಪೈರಿನ ಮೇಲೆ ಓಡಬಲ್ಲ ವೀರ ಹೆಣ್ಣು. ಮದ್ರಾಸಿನಲ್ಲಿ ಕಂಡಂದಿನಿಂದ ಸುಮಾರು ಇಪ್ಪತ್ತನಾಲ್ಕು ಸುತ್ತು ಮುಗಿಸಿದ್ದಾಳೆ.

ಅಪ್ಪ ಬೆರಳೆಣಿಸಿದರು. ‘ಎಪ್ಪತ್ತನಾಲ್ಕನ್ನ ಆರೂವರೆಯಿಂದ ಭಾಗಿಸಿದ್ರೆ ಹನ್ನೊಂದು ಚಿಲ್ಲರೆ. ಅಲ್ಲಿನ ಲೆಕ್ಕದಲ್ಲಿ ನಾನಿನ್ನೂ ಆರನೇ ಕ್ಲಾಸು. ಇಷ್ಟು ಬೇಗ ಕಣ್ಣು ಹೋಗಬಾರದಿತ್ತು.’ ನಗುತ್ತಲೇ ಅಂದರು. ಮೂಸಂಬಿಯ ಬೀಜಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಪಾಗ್ಸನ್ ಒಬ್ಬರೇ ಇಲ್ಲಿ ಕೆಲಸ ಮಾಡಲಿಲ್ಲ. ಚಿಂತಾಮಣಿ ರಘುನಾಥಾಚಾರಿ ಎಂಬವರು ಇದೇ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದು ಮುಖ್ಯ ಸಹಾಯಕರ ಸ್ಥಾನಕ್ಕೇರಿದವರು. ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು 1867ರಲ್ಲಿ ಗುರುತಿಸಿದರು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಜನ ಹೆದರದೆ ನೋಡಲಿ ಎಂದು ಪಂಡಿತರ ಸಂಭಾಷಣೆಯ ರೂಪದಲ್ಲಿ ಒಂದು ಪುಸ್ತಿಕೆ ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ. ಇದನ್ನು ಹೇಳಿದಾಗ ಅಪ್ಪ ಕಂಬದ ಕಡೆ ಒಮ್ಮೆ ನೋಡಿ ‘ಕಲ್ಲಿನಲ್ಲಿ ಬಿಟ್ಟಿದ್ದನ್ನು ಕಾಗದದಲ್ಲಿ ಸೇರಿಸಿದರು ಅನ್ನು’ ಎಂದರು.

ಇನ್ನೊಬ್ಬರು ಪಾಗ್ಸನ್ನರ ಮಗಳು ಐಸಿಸ್. 1873ರಿಂದ ಅಪ್ಪನ ವೀಕ್ಷಣಾಲಯದಲ್ಲಿ ಲೆಕ್ಕ ಹಾಕುವ ಕೆಲಸ. ಮುಂದೆ ಮದ್ರಾಸ್ ಸರ್ಕಾರಕ್ಕೆ ಹವಾಮಾನ ವರದಿ ಕೊಡುವ ಹೊಣೆಯನ್ನೂ ಹೊತ್ತರು. 1886ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಮಿಕಲ್ ಸೊಸೈಟಿಗೆ ಅವರ ಹೆಸರನ್ನು ಸೂಚಿಸಿದರು. ಹೆಂಗಸರನ್ನು ಸೇರಿಸಲು ನಿಯಮ ಬಿಡುವುದಿಲ್ಲವೆಂದು ಆಗಲಿಲ್ಲ. ಸೇರಿಸಿಕೊಂಡದ್ದು 1920ರಲ್ಲಿ, ಮೂವತ್ತನಾಲ್ಕು ವರ್ಷ ಕಳೆದ ಮೇಲೆ. ಈಗ ಮಳೆಯ ಸೆಂಟಿಮೀಟರ್ ಲೆಕ್ಕ ಕೇಳುವಾಗ ನನಗೆ ಅವರ ನೆನಪಾಗುತ್ತದೆ.

1899ರಲ್ಲಿ ಖಗೋಳದ ಕೆಲಸ ಕೊಡೈಕೆನಾಲ್‌ಗೆ ಹೋಯಿತು. ಮದ್ರಾಸಿನಲ್ಲಿದ್ದ 1866ರ ಎಂಟು ಅಂಗುಲದ ಕುಕ್ ದೂರದರ್ಶಕ ಈಗಲೂ ಅಲ್ಲಿದೆ. ಕೊಡೈಕೆನಾಲಿನ ಆ ಪರಂಪರೆಯೇ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಸಿತು.

‘ಮದ್ರಾಸಿನ ವೀಕ್ಷಣಾಲಯ ಬೆಂಗಳೂರಿಗೆ ಬಂತು. ನೀನು ಮಾತ್ರ ಉಲ್ಟಾ ಹೋದೆ’ ಎಂದರು ಅಪ್ಪ. ಹೊರನಾಡಿಗೆ ಬಂದವರಿಗೆ ಮನೆಯವರು ಹೇಳುವ ಮಾತೇ. ಹದಿನೇಳು ವರ್ಷದಲ್ಲಿ ಅದನ್ನು ಅವರು ನಗುತ್ತಾ ಹೇಳಿದ್ದು ಅದೇ ಮೊದಲು.

ಮೂರಕ್ಕೆ ಡಾಕ್ಟರರು ಕಾಗದ ನೋಡಿದರು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಒಳಗೆ ನೋಡಿದರು. ಹೋದದ್ದು ಬರುವುದಿಲ್ಲ ಎಂದು ನೇರವಾಗಿ ಹೇಳಿದರು. ಉಳಿದದ್ದನ್ನು ಕಾಯಬಹುದು. ದಿನಾ ಹೊತ್ತಿಗೆ ಸರಿಯಾಗಿ ಡ್ರಾಪ್ಸ್, ಆರು ತಿಂಗಳಿಗೊಮ್ಮೆ ಈ ಚುಕ್ಕಿ ಪರೀಕ್ಷೆ. ಹಳೆಯ ಕಾಗದದ ಪಕ್ಕ ಹೊಸ ಕಾಗದ ಇಟ್ಟು ತಾಳೆ ನೋಡುತ್ತೇವೆ, ಬದಲಾಗಿದೆಯೇ ಎಂದು. ನಾನು ಅನುವಾದ ಮಾಡಿ ಹೇಳುತ್ತಿದ್ದೆ. ಕೊನೆಯ ಮಾತಿಗೆ ಅಪ್ಪ ತಲೆಯಾಡಿಸಿ ‘ಅದೇ ನಕ್ಷೆಯ ಕೆಲಸ’ ಎಂದರು. ಅದನ್ನು ಡಾಕ್ಟರರಿಗೆ ನಾನು ಅನುವಾದಿಸಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಬೃಂದಾವನಕ್ಕೆ ಹತ್ತಿಸಿದೆ. ವಾಣಿಯಂಬಾಡಿ ಬರುವಾಗ ದಕ್ಷಿಣದ ಕಡೆ ನೋಡಿ, ಜವ್ವಾದು ಬೆಟ್ಟಸಾಲಿನಲ್ಲಿ ಕಾವಲೂರು ಇದೆ ಎಂದು ಹೇಳಿದ್ದೆ. ವೆರಾ ಕಂಡ ಮೇಲೆ ನೂರಕ್ಕೂ ಹೆಚ್ಚು ವರ್ಷ ಭಾರತದಿಂದ ಒಂದು ಕ್ಷುದ್ರಗ್ರಹವೂ ಪತ್ತೆಯಾಗಿರಲಿಲ್ಲ. 1988ರ ಫೆಬ್ರವರಿಯಲ್ಲಿ ಆ ಬೆಟ್ಟದ ವೀಕ್ಷಣಾಲಯದಿಂದ ಆರ್. ರಾಜಮೋಹನ್ ಅವರು ಒಂದನ್ನು ಕಂಡರು. ಅದಕ್ಕೆ ರಾಮಾನುಜನ್ ಎಂದು ಹೆಸರು.

ಚೆನ್ನೈಯಲ್ಲಿರುವವರು ಒಮ್ಮೆ ಆ ಕಂಬ ನೋಡಿ ಬನ್ನಿ. ನುಂಗಂಬಾಕ್ಕಂ ಲೋಕಲ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದರೆ ಹತ್ತಿರ. ಅದು ಸರ್ಕಾರಿ ಕಚೇರಿ; ಸುಮ್ಮನೆ ಹೋದರೆ ಒಳಗೆ ಬಿಡಲಿಕ್ಕಿಲ್ಲ, ಮೊದಲೇ ಪತ್ರ ಬರೆದು ಕೇಳಿಕೊಳ್ಳಿ. ಮಳೆಗಾಲದಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ, ಜನವರಿ ನಂತರ ಒಳ್ಳೆಯದು. ಕಮಿಲ್ಲಾವನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಕತ್ತಲ ಜಾಗವೂ ಒಳ್ಳೆಯ ದೂರದರ್ಶಕವೂ ಬೇಕು. ಒಂದೇ ರಾತ್ರಿ ಸಾಲದು, ಎರಡು ರಾತ್ರಿ ನೋಡಬೇಕು. ಮೊದಲ ರಾತ್ರಿ ಎಲ್ಲ ಚುಕ್ಕಿಗಳೂ ಒಂದೇ ಥರ.

ರಾತ್ರಿ ಒಂಬತ್ತಕ್ಕೆ ಈಗ ಅಪ್ಪನ ಫೋನು ಬರುತ್ತದೆ. ‘ಡ್ರಾಪ್ಸ್ ಹಾಕ್ಕೊಂಡೆ ಪುಟ್ಟಿ.’ ಅಷ್ಟೇ ಮಾತು. ಮುಂದಿನ ಪರೀಕ್ಷೆ ಏಪ್ರಿಲ್‌ನಲ್ಲಿ. ಆ ಕಾಗದವನ್ನು ಅವರು ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರಂತೆ, ತಾಳೆ ನೋಡಲು.